ಒಗ್ಗರಣೆ ಸೀದರೂ ಕೂಗದ ಅಲಾರಂ: ನಮ್ಮ ಟ್ರೈಲರ್ ರೀಕಾಲ್ ಅನುಭವ

"ಏನಮ್ಮಾ, ಈ ಗಾಡೀಲಿ ಆ ಡಬ್ಬಿ ಕೂಗೋದೇ ಇಲ್ವಲ್ಲ?" ಅಂತ ಅತ್ತೆ ಕೇಳಿದಾಗ ನಾವೆಲ್ಲ ಕೆಮ್ಮುತ್ತಾ ನಿಂತಿದ್ದೆವು.

2023ರ ಮಾರ್ಚ್. ಮಗನಿಗೆ ಸ್ಪ್ರಿಂಗ್ ಬ್ರೇಕ್. ತುಮಕೂರಿನಿಂದ ಅತ್ತೆ ಬಂದಿದ್ದರು. ಅಮೆರಿಕದ ಡಲ್ಲಾಸ್ ಹತ್ತಿರದ ನಮ್ಮ ಮನೆಯಿಂದ, ಒಳಗೇ ಅಡುಗೆ ಮಾಡಿ ಮಲಗುವಂಥ ಟ್ರೈಲರ್ ಎಳೆದುಕೊಂಡು ಪಾಲೋ ಡ್ಯೂರೋ ಕಣಿವೆಗೆ ಹೋಗಿದ್ದೆವು. ಸಂಜೆ ಗಾಳಿ ಜೋರಾಗಿತ್ತು, ಕಿಟಕಿ ಎಲ್ಲ ಮುಚ್ಚಿದ್ದೆವು. ಚಿತ್ರಾನ್ನದ ಒಗ್ಗರಣೆಗೆ ಹಾಕಿದ ಬ್ಯಾಡಗಿ ಮೆಣಸಿನಕಾಯಿ ಸೀದು ಹೋಯಿತು. 24 ಅಡಿ ಉದ್ದದ ಗಾಡಿಯಲ್ಲಿ ಆ ಘಾಟು ಹೋಗುವುದಾದರೂ ಎಲ್ಲಿಗೆ? ಮೇಲೆ ಛಾವಣಿಗೆ ಹೊಗೆ ಕವಿದುಕೊಂಡಿತ್ತು. ಆ ಹೊಗೆಯ ಮಧ್ಯದಲ್ಲೇ ಸ್ಮೋಕ್ ಅಲಾರಂ ಪುಟ್ಟ ದೀಪ ಮಿನುಗಿಸುತ್ತಾ ಸುಮ್ಮನಿತ್ತು. ನಮ್ಮ ಮನೆಯಲ್ಲಿ ಸಾಸಿವೆ ಸಿಡಿದರೆ ಸಾಕು, ಅಲಾರಂ ಕೂಗಿ ಅತ್ತೆ ಸೆರಗು ಬೀಸಿಕೊಂಡು ಓಡಬೇಕು. ಅದಕ್ಕೇ ಅವರಿಗೆ ಮೊದಲು ಹೊಳೆದಿದ್ದು.

ನಮ್ಮನೆಯವರು ಟೆಸ್ಟ್ ಗುಂಡಿ ಒತ್ತಿದರು. ಕಿವಿ ಗವ್ ಅನ್ನುವ ಹಾಗೆ ಕೂಗಿತು. "ಸರಿಯಾಗೇ ಇದೆಯಲ್ಲ" ಅಂದರು. ನನಗೆ ಸಮಾಧಾನ ಆಗಲಿಲ್ಲ. ಗುಂಡಿ ಒತ್ತಿದಾಗ ಬ್ಯಾಟರಿ ಇದೆ, ಸದ್ದು ಬರುತ್ತೆ ಅಂತ ಗೊತ್ತಾಗುತ್ತೆ. ಹೊಗೆ ನಿಜವಾಗಿ ಒಳಗಿನ ಸೆನ್ಸರ್ ತನಕ ಹೋಗುತ್ತಾ ಅನ್ನೋದು ಅದರಿಂದ ತಿಳಿಯಲ್ಲ. ಅಡುಗೆ ಹೊಗೆಗೆ ಅಷ್ಟಾಗಿ ಕೂಗದ ಬಗೆಯ ಅಲಾರಂಗಳೂ ಇವೆ, ಹಾಗಾಗಿ ಕೂಗಲಿಲ್ಲ ಅಂದ ಮಾತ್ರಕ್ಕೆ ಕೆಟ್ಟಿದೆ ಅನ್ನೋಕೂ ಆಗಲ್ಲ. ಆದರೂ ಆ ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ಟ್ರೈಲರ್ ಅಂದರೆ ತೆಳು ಪ್ಲೈವುಡ್ಡು, ಫೋಮು, ಗ್ಯಾಸ್ ಸಿಲಿಂಡರ್. ಇರುವುದು ಒಂದೇ ಬಾಗಿಲು. ಮಗ ಮಲಗುವ ಬಂಕ್ ಆ ಬಾಗಿಲಿಂದ ಅತಿ ದೂರದ ಮೂಲೆಯಲ್ಲಿದೆ.

ಮನೆಗೆ ಬಂದ ಮೇಲೆ ಅಲಾರಂ ಬಿಚ್ಚಿ ಹಿಂದು ಮುಂದು ನೋಡಿದೆ. ಹಿಂಭಾಗದ ಚೀಟಿಯಲ್ಲಿ ಮಾಡೆಲ್ ನಂಬರ್, ತಯಾರಾದ ತಾರೀಖು ಎರಡೂ ಇರುತ್ತವೆ. ಫೋಟೋ ತೆಗೆದುಕೊಂಡೆ. ಆಮೇಲೆ ಗಾಡಿಯ ವಿನ್ ನಂಬರ್, ಅಂದರೆ ಪ್ರತಿ ವಾಹನಕ್ಕೂ ಬೇರೆಬೇರೆ ಇರುವ ಗುರುತಿನ ಸಂಖ್ಯೆ. ಟ್ರೈಲರ್‌ನ ಎಡಭಾಗದ ಗೋಡೆಗೆ, ಹೊರಗಡೆ ಮುಂದಿನ ಮೂಲೆಯಲ್ಲಿ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದರಲ್ಲಿ 17 ಅಕ್ಷರ, ಅಂಕಿ. ಇಲ್ಲಿ ವಾಹನಗಳ ರೀಕಾಲ್, ಅಂದರೆ ದೋಷವಿರುವುದನ್ನು ಕಂಪನಿ ವಾಪಸ್ ಕರೆದು ಸರಿಮಾಡಿಕೊಡುವುದನ್ನು, ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಎನ್‌ಎಚ್‌ಟಿಎಸ್‌ಎ ಇಲಾಖೆ. ಎಂಜಿನ್ ಇಲ್ಲದಿದ್ದರೂ ಟ್ರೈಲರ್ ಕೂಡ ವಾಹನವೇ, ಅದರೊಳಗೆ ಕಂಪನಿಯೇ ಕೂರಿಸಿದ ಸ್ಮೋಕ್ ಅಲಾರಂ ಕೂಡ ಆ ವಾಹನದ ಭಾಗವೇ. ಅವರ ವೆಬ್‌ಸೈಟಿನಲ್ಲಿ ವಿನ್ ಹಾಕಿದೆ. ರೀಕಾಲ್ ಸೊನ್ನೆ ಅಂತ ಬಂತು.

ಈ ಬರಹ ಬರೆಯುತ್ತಿರುವುದೇ ಆ ಸೊನ್ನೆಯ ಬಗ್ಗೆ ಹೇಳೋಕೆ. ನಾನು ಎರಡು ವಾರ ಅದನ್ನೇ ನಂಬಿ ಕೂತಿದ್ದೆ. ಆಮೇಲೊಂದು ದಿನ ಅದೇ ಪುಟದ ಕೆಳಗಿದ್ದ ಸಣ್ಣ ಅಕ್ಷರ ಓದಿದೆ. ಸಣ್ಣ ತಯಾರಕರ ರೀಕಾಲ್‌ಗಳು ಈ ವಿನ್ ಹುಡುಕಾಟದಲ್ಲಿ ಬರದೇ ಇರಬಹುದು ಅಂತ ಅವರೇ ಹಾಕಿದ್ದಾರೆ. ವರ್ಷಕ್ಕೆ 25,000 ಅಥವಾ ಅದಕ್ಕಿಂತ ಜಾಸ್ತಿ ಕಾರು ಮಾಡುವ ಕಂಪನಿಗಳು ಒಂದೊಂದು ವಿನ್‌ಗೂ ರೀಕಾಲ್ ಮಾಹಿತಿ ಕೊಡಲೇಬೇಕು ಅಂತ ನಿಯಮ ಇದೆ. ಟ್ರೈಲರ್ ಮಾಡುವವರಿಗೆ ಆ ಕಟ್ಟಳೆ ಇಲ್ಲ. ಅಂದರೆ ನನ್ನ ಕಾರಿಗೆ ಸೊನ್ನೆ ಬಂದರೆ ಅದಕ್ಕೊಂದು ಅರ್ಥ ಇದೆ. ಟ್ರೈಲರ್‌ಗೆ ಸೊನ್ನೆ ಬಂದರೆ ಅದರಿಂದ ಏನೂ ಗೊತ್ತಾಗಲ್ಲ.

ಅದೇ ಸೈಟಿನಲ್ಲಿ ವರ್ಷ, ಕಂಪನಿ, ಮಾಡೆಲ್ ಹಾಕಿಯೂ ಹುಡುಕಬಹುದು. ನಮ್ಮದು 2017ರ ಮಾಡೆಲ್. ಹಾಗೆ ಹುಡುಕಿದರೆ ಎರಡು ರೀಕಾಲ್ ಬಂದವು, ಅದರಲ್ಲಿ ಒಂದು ಸ್ಮೋಕ್ ಅಲಾರಂದೇ! ಪ್ರತಿ ರೀಕಾಲ್‌ಗೂ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ವರ್ಷ. ಆಮೇಲಿನ ಅಕ್ಷರ 'ವಿ' ಆದರೆ ವಾಹನದ್ದು, 'ಇ' ಆದರೆ ಬಿಡಿ ಉಪಕರಣದ್ದು. ಅದರ ಜೊತೆಗೆ ಕಂಪನಿ ಸರ್ಕಾರಕ್ಕೆ ಕೊಟ್ಟ ವರದಿಯನ್ನೂ ಹಾಕಿರುತ್ತಾರೆ. ಅದನ್ನು ದಯವಿಟ್ಟು ತೆರೆದು ಓದಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ತಯಾರಾದ ಗಾಡಿಗಳು, ದೋಷ ಏನು, ಏನು ಸರಿ ಮಾಡಿಕೊಡುತ್ತಾರೆ, ಎಲ್ಲ ಅದರಲ್ಲಿದೆ. ಹೊಗೆ ಬಂದರೂ ಅಲಾರಂ ಕೂಗದೇ ಇರಬಹುದು ಅಂತ ಬರೆದಿತ್ತು. ನಮ್ಮ ಗಾಡಿಯ ಸ್ಟಿಕ್ಕರ್ ಮೇಲಿನ ತಾರೀಖು ಆ ಅವಧಿಯೊಳಗೇ ಇತ್ತು.

ಟ್ರೈಲರ್ ಕಂಪನಿಗೆ ಫೋನ್ ಮಾಡಿದೆ. ಆ ಹುಡುಗಿ ವಿನ್ ಕೇಳಿ, ಒಂದು ನಿಮಿಷದಲ್ಲಿ ಹೌದು ನಿಮ್ಮದೂ ಸೇರಿದೆ ಅಂದಳು. ಪತ್ರ ಯಾವಾಗಲೋ ಕಳಿಸಿದ್ದಾರೆ, ಮೊದಲಿನ ಮಾಲೀಕರಿಗೆ. ಸರ್ಕಾರಕ್ಕೆ ತಿಳಿಸಿದ 60 ದಿನದೊಳಗೆ ಮಾಲೀಕರಿಗೆ ಅಂಚೆಯಲ್ಲಿ ಪತ್ರ ಹಾಕಬೇಕು ಅನ್ನೋದು ನಿಯಮ. ಅವರು ಹಾಕಿದ್ದಾರೆ. ನಾವು ಗಾಡಿ ಕೊಂಡಿದ್ದು 2022ರಲ್ಲಿ, ವೇಕೋ ಹತ್ತಿರ ಒಬ್ಬರ ಮನೆಯಂಗಳದಿಂದ. ನಮ್ಮ ಹೆಸರು ಕಂಪನಿಯ ಪಟ್ಟಿಯಲ್ಲಿ ಇರಲೇ ಇಲ್ಲ. ಮಾರುವವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಳೇ ಗಾಡಿ ಕೊಳ್ಳುವಾಗ ಟೈರು ನೋಡಿದೆವು, ಛಾವಣಿ ಸೋರುತ್ತಾ ಅಂತ ಹತ್ತಿ ನೋಡಿದೆವು. ಇದೊಂದು ತಲೆಗೇ ಬರಲಿಲ್ಲ.

ಒಳ್ಳೆಯ ವಿಷಯ ಏನಂದ್ರೆ, ರೀಕಾಲ್ ಗಾಡಿಗೆ ಅಂಟಿಕೊಂಡಿರುತ್ತೆ, ಮಾಲೀಕರಿಗಲ್ಲ. ಎರಡನೇ ಕೈ, ಮೂರನೇ ಕೈ ಆದರೂ ದುಡ್ಡಿಲ್ಲದೆ ಮಾಡಿಕೊಡಬೇಕು. ರೀಕಾಲ್ ಘೋಷಣೆಯಾಗುವ ಹೊತ್ತಿಗೆ ಗಾಡಿ ಮೊದಲು ಮಾರಾಟವಾಗಿ 15 ವರ್ಷ ದಾಟಿರಬಾರದು, ಅಷ್ಟೇ. ಹೆಸರು, ವಿಳಾಸ ಬದಲಾಯಿಸಿಕೊಂಡು, ಅಲಾರಂನ ಹಿಂಭಾಗದ ಫೋಟೋ ತರಿಸಿಕೊಂಡು, ಹೊಸದನ್ನು ಅಂಚೆಯಲ್ಲಿ ಕಳಿಸುತ್ತೇವೆ ಅಂದರು. ಬರೋಕೆ ಮೂರು ವಾರ ಹಿಡಿಯಿತು. ಅಷ್ಟು ದಿನ ಕಾಯೋಕೆ ಮನಸ್ಸಾಗದೆ ಅಂಗಡಿಯಿಂದ ಒಂದು ತಂದು ಹಾಕಿದ್ದೆ. ತರುವಾಗ ಡಬ್ಬದ ಮೇಲೆ ಆರ್‌ವಿಗೆ (ನಮ್ಮಂಥ ವಾಸದ ಗಾಡಿಗಳಿಗೆ) ಸೂಕ್ತ ಅಂತ ಬರೆದಿರುವುದನ್ನೇ ನೋಡಿ. ಟ್ರೈಲರ್ ದಾರಿಯುದ್ದಕ್ಕೂ ಕುಲುಕುತ್ತೆ. ಟೆಕ್ಸಸ್ ಬೇಸಿಗೆಯಲ್ಲಿ ಬಾಗಿಲು ಹಾಕಿಟ್ಟರೆ ಒಲೆಯಂತೆ ಕಾಯುತ್ತೆ.

ಹಳೆಯದನ್ನು ಬಿಸಾಡುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಲಾರಂ ಪರೀಕ್ಷೆಗೆಂದೇ ಹೊಗೆಯ ಸ್ಪ್ರೇ ಸಿಗುತ್ತದೆ. ಗರಾಜಿನಲ್ಲಿ ಹಳೆಯದು, ಹೊಸದು ಎರಡನ್ನೂ ಬೆಂಚಿನ ಮೇಲಿಟ್ಟು, ಡಬ್ಬದ ಮೇಲೆ ಹೇಳಿದಷ್ಟು ದೂರದಿಂದ ಸ್ಪ್ರೇ ಹೊಡೆದೆ. ಹೊಸದು ಕೆಲವೇ ಸೆಕೆಂಡಿನಲ್ಲಿ ಕೂಗಿತು. ಹಳೆಯದು ಉಸಿರೇ ಎತ್ತಲಿಲ್ಲ. ಇನ್ನೊಂದು ಸಲ ಹೊಡೆದೆ. ಇಲ್ಲ. ಗುಂಡಿ ಒತ್ತಿದೆ, ಕೂಗಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಮ್ಮನೆಯವರು ಏನೂ ಮಾತಾಡಲಿಲ್ಲ. ಆರು ತಿಂಗಳು ಇದನ್ನು ನಂಬಿಕೊಂಡು ಮಗುವನ್ನು ಅದರೊಳಗೆ ಮಲಗಿಸಿದ್ದೆವಲ್ಲ ಅಂತ ನನಗೆ ಕೈ ನಡುಗಿತು.

ಅವತ್ತೇ ಉಳಿದದ್ದನ್ನೂ ನೋಡಿದೆ. ಟ್ರೈಲರ್ ತಯಾರಕರು ಪಾಲಿಸುವ ಎನ್‌ಎಫ್‌ಪಿಎ 1192 ಅನ್ನುವ ಅಗ್ನಿ ಸುರಕ್ಷತಾ ಮಾನದಂಡದಂತೆ ಸ್ಮೋಕ್ ಅಲಾರಂ ಜೊತೆಗೆ ಎಲ್‌ಪಿ ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ವಿಷಾನಿಲದ ಡಿಟೆಕ್ಟರ್ ಕೂಡ ಇರಬೇಕು. ನಮ್ಮಲ್ಲಿ ಆ ಎರಡೂ ಸೇರಿ ಒಂದೇ ಪೆಟ್ಟಿಗೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತೆ, ಅದಕ್ಕೇ ಪೆಟ್ಟಿಗೆ ನೆಲದ ಹತ್ತಿರ ಇರುತ್ತದೆ. ಸ್ಮೋಕ್ ಅಲಾರಂಗೆ 10 ವರ್ಷ ಆಯಸ್ಸು. ಇಂಥ ಗ್ಯಾಸ್ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ 5ರಿಂದ 7 ವರ್ಷ ಮಾತ್ರ. ನಮ್ಮದು 2016ರದ್ದು. ರೀಕಾಲ್ ಏನೂ ಇರಲಿಲ್ಲ, ಆದರೆ ವಾಯಿದೆ ಮುಗಿದಿತ್ತು. ಅದನ್ನು ನಾವೇ ದುಡ್ಡು ಕೊಟ್ಟು ತಂದೆವು. ಗಾಡಿಯ 12 ವೋಲ್ಟ್ ಬ್ಯಾಟರಿ ಕಳಚಿ, ಕೆಂಪು ಕರಿ ವೈರ್ ಎರಡನ್ನೂ ಹೊಸದಕ್ಕೆ ಸೇರಿಸಿ ಕೂರಿಸೋಕೆ ಅರ್ಧ ಗಂಟೆ ಸಾಕಾಯಿತು.

ಬೆಂಕಿ ನಂದಿಸುವ ಸಿಲಿಂಡರನ್ನೂ ನೋಡಿದೆ. 2017ರ ನವೆಂಬರಿನಲ್ಲಿ ಕಿಡ್ಡೆ ಕಂಪನಿ ಪ್ಲಾಸ್ಟಿಕ್ ಹಿಡಿ ಇರುವ ಸುಮಾರು 3 ಕೋಟಿ 78 ಲಕ್ಷ ಸಿಲಿಂಡರ್‌ಗಳನ್ನು ಅಮೆರಿಕದಲ್ಲಿ ವಾಪಸ್ ಕರೆದಿತ್ತು. ಅಂಥವು ಟ್ರೈಲರ್‌ಗಳಲ್ಲೂ ಬೇಕಾದಷ್ಟಿದ್ದವು. ನಮ್ಮದು ಲೋಹದ ಹಿಡಿಯದು, ಬಚಾವ್. ಬಿಡಿಯಾಗಿ ಕೊಂಡ ಇಂಥ ಸಾಮಾನಿನ ರೀಕಾಲ್‌ಗಳನ್ನು ನೋಡಿಕೊಳ್ಳುವುದು ಸಿಪಿಎಸ್‌ಸಿ ಅನ್ನುವ ಬೇರೆ ಸಂಸ್ಥೆ. ಹಾಗಾಗಿ ಎರಡೂ ಕಡೆ ಹುಡುಕಬೇಕು. 2018ರ ಮಾರ್ಚಿನಲ್ಲಿ ಅದೇ ಕಂಪನಿಯ ಸುಮಾರು 4 ಲಕ್ಷ 52 ಸಾವಿರ ಮನೆ ಅಲಾರಂಗಳು ವಾಪಸ್ ಹೋಗಿದ್ದನ್ನು ಓದಿದ್ದೂ ಅಲ್ಲೇ. ಕಾರ್ಖಾನೆಯಲ್ಲಿ ತೆಗೆಯಬೇಕಿದ್ದ ಹಳದಿ ಮುಚ್ಚಳ ಒಳಗೇ ಉಳಿದು ಎರಡರಲ್ಲಿ ಒಂದು ಸೆನ್ಸರ್ ಮುಚ್ಚಿಹೋಗಿತ್ತಂತೆ. ಆ ರಾತ್ರಿಯೇ ಟಾರ್ಚ್ ಹಿಡಿದು ನಮ್ಮ ಮನೆಯ ಐದು ಅಲಾರಂಗಳ ಸಂದಿಯಲ್ಲಿ ಇಣುಕಿ ನೋಡಿದೆ. ಹಳದಿ ಎಲ್ಲೂ ಕಾಣಲಿಲ್ಲ.

ಈಗ ಟ್ರೈಲರ್‌ನ ಎರಡೂ ಪೆಟ್ಟಿಗೆಗಳ ಮೇಲೆ ಬದಲಾಯಿಸಬೇಕಾದ ವರ್ಷವನ್ನು ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದೇನೆ. ಮಾರ್ಚ್, ಸೆಪ್ಟೆಂಬರ್ ಮೊದಲ ಶನಿವಾರ ಮಾಡೆಲ್ ಹಾಕಿ ಹುಡುಕೋಕೆ ಫೋನಿನಲ್ಲಿ ನೆನಪೋಲೆ ಇದೆ. ಗಾಡಿ ಮಾರಿದವರಿಗೂ ಫೋನ್ ಮಾಡಿದ್ದೆ. ಅವರು ಅದಾಗಲೇ ಇನ್ನೊಂದು ಹಳೇ ಟ್ರೈಲರ್ ಕೊಂಡಿದ್ದರು. ವಿನ್ ಹಾಕಿ ನೋಡಿದ್ದೀನಿ, ಸೊನ್ನೆ ಬಂತು ಅಂದರು. ಕಂಪನಿ, ಮಾಡೆಲ್, ವರ್ಷ ಹೇಳಿ ಅಂದೆ, ಇಬ್ಬರೂ ಫೋನಿನಲ್ಲೇ ಕೂತು ಹುಡುಕಿದೆವು.