ಮಳೆಗಾಲದಲ್ಲಿ ನ್ಯಾನೊ ಜಿಂಕ್ ಆಕ್ಸೈಡ್: ನನ್ನ ಅನುಭವ

ಘನಸ್ಥಿತಿ ಸಂಶ್ಲೇಷಣೆ ಎಂದರೆ ಪುಡಿಗಳನ್ನು ಬೆರೆಸಿ, ಅರೆದು, ಸಾವಿರ ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಕಾಯಿಸುವುದು ಎಂದೇ ನಾವೆಲ್ಲ ಓದಿದ್ದು. ಅಷ್ಟು ಶಾಖದಲ್ಲಿ ಅಯಾನುಗಳು ಕಣದಿಂದ ಕಣಕ್ಕೆ ಸರಿದು ಹೊಸ ವಸ್ತು ಹುಟ್ಟುವುದು ನಿಜ. ಆದರೆ ಅದೇ ಶಾಖಕ್ಕೆ ಹರಳುಗಳು ಒಂದಕ್ಕೊಂದು ಬೆಸೆದು ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರಕ್ಕೆ ಬೆಳೆದುಬಿಡುತ್ತವೆ. ಹಾಗಾಗಿ ಅದಕ್ಕಿಂತಲೂ ಎಷ್ಟೋ ಚಿಕ್ಕದಾದ ನ್ಯಾನೊ ಗಾತ್ರಕ್ಕೆ (ನ್ಯಾನೊಮೀಟರ್ ಎಂದರೆ ಮೈಕ್ರೊಮೀಟರಿನ ಸಾವಿರದ ಒಂದು ಭಾಗ) ಈ ದಾರಿ ಆಗದು ಎನ್ನುವವರು ಬಹಳ. ಶಿವಮೊಗ್ಗದ ಕಾಲೇಜೊಂದರಲ್ಲಿ ಒಂದು ಅಗೇಟ್ ಮಾರ್ಟರ್ (ಪುಡಿ ಅರೆಯುವ ಕಲ್ಲಿನ ಖಲ್ಲು), ಒಂದು ಮಫಲ್ ಫರ್ನೇಸ್ (ವಿದ್ಯುತ್ ಕುಲುಮೆ) ಇಟ್ಟುಕೊಂಡು ಕೆಲಸ ಮಾಡುವ ನಾನು ಇದನ್ನು ಒಪ್ಪುವುದಿಲ್ಲ. ರಾಸಾಯನಿಕ ಕ್ರಿಯೆಯನ್ನು ಕೋಣೆಯ ಉಷ್ಣತೆಯಲ್ಲೇ ಮುಗಿಸಿ, ಸಿಕ್ಕ ವಸ್ತುವನ್ನು ಒಡೆದು ಆಕ್ಸೈಡ್ ಮಾಡುವ ವಿಭಜನೆಯ ಕೆಲಸವನ್ನಷ್ಟೇ ಫರ್ನೇಸಿಗೆ ಬಿಟ್ಟರೆ ಗಾತ್ರ ನಮ್ಮ ಹಿಡಿತದಲ್ಲಿ ಉಳಿಯುತ್ತದೆ.

ನಾನು ಆರಿಸಿಕೊಂಡದ್ದು ಜಿಂಕ್ ಆಕ್ಸೈಡ್. ಸ್ಫಟಿಕ ನೀರು ಸೇರಿದ ಜಿಂಕ್ ಅಸಿಟೇಟ್ 4.39 ಗ್ರಾಂ, ಹಾಗೆಯೇ ಸ್ಫಟಿಕ ನೀರು ಸೇರಿದ ಆಕ್ಸಾಲಿಕ್ ಆಮ್ಲ 2.52 ಗ್ರಾಂ. ಎರಡೂ 0.02 ಮೋಲ್, ಅಂದರೆ ಅಣುಗಳ ಲೆಕ್ಕದಲ್ಲಿ ಎರಡೂ ಸಮ. ಮೊದಲು ಬೇರೆ ಬೇರೆಯಾಗಿ ನುಣ್ಣಗೆ ಅರೆದು, ಆಮೇಲೆ ಒಟ್ಟುಗೂಡಿಸಿ ಅರೆಯುತ್ತೇನೆ. ಹನಿ ನೀರನ್ನೂ ಹಾಕುವುದಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಪುಡಿ ತೇವಗೊಂಡು ಮಾರ್ಟರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ, ವಿನೆಗರಿನ ಘಾಟು ಮೂಗಿಗೆ ಬಡಿಯುತ್ತದೆ. ಹರಳುಗಳಲ್ಲಿ ಅಡಗಿದ್ದ ನೀರೂ ಹೊಸದಾಗಿ ಹುಟ್ಟಿದ ಅಸಿಟಿಕ್ ಆಮ್ಲವೂ ಹೊರಬರುತ್ತಿವೆ ಎಂದರ್ಥ. ಅಲ್ಲಿ ಜಿಂಕ್ ಆಕ್ಸಲೇಟ್ ತಯಾರಾಗುತ್ತಿರುತ್ತದೆ. ಬದಿಗೆ ಮೆತ್ತಿದ್ದನ್ನು ಸ್ಪಾಚುಲಾದಿಂದ ಕೆರೆದು ಮತ್ತೆ ನಡುವಿಗೆ ತಂದು, ಘಾಟು ಪೂರ್ತಿ ಇಳಿಯುವವರೆಗೂ ಅರೆಯಬೇಕು. ಕೈ ಸೋತಿತೆಂದು ಇಲ್ಲಿ ಬಿಟ್ಟರೆ, ಕ್ರಿಯೆಗೆ ಸಿಗದ ಅಸಿಟೇಟ್ ಫರ್ನೇಸಿನಲ್ಲಿ ತನ್ನದೇ ರೀತಿಯಲ್ಲಿ ಒಡೆದು ಬೇರೆ ಗಾತ್ರದ ಹರಳುಗಳನ್ನು ಕೊಡುತ್ತದೆ. ಆಕ್ಸಾಲಿಕ್ ಆಮ್ಲ ವಿಷಕಾರಿ. ಕೈಗವಸು, ಮುಖಗವಸು ಹಾಕದ ವಿದ್ಯಾರ್ಥಿಗೆ ನಾನು ಮಾರ್ಟರನ್ನು ಕೊಡುವುದೇ ಇಲ್ಲ.

ಇನ್ನು ನಮ್ಮ ಸೀಮೆಯ ಮಾತು. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ಬಟ್ಟೆ ಒಣಗುವುದೇ ಕಷ್ಟ. ಶಿವಮೊಗ್ಗದಲ್ಲಿ ಮಳೆ ಅಷ್ಟಿಲ್ಲ, ಆದರೆ ಗಾಳಿಯ ತೇವಕ್ಕೆ ಇಲ್ಲೂ ಬರವಿಲ್ಲ. ಇದು ಬರೀ ಅನನುಕೂಲದ ಪ್ರಶ್ನೆಯಲ್ಲ. ನೀರಾವಿ ತುಂಬಿದ ಗಾಳಿಯಲ್ಲಿ ಜಿಂಕ್ ಆಕ್ಸೈಡಿನ ಹರಳುಗಳು ಒಣ ಗಾಳಿಯಲ್ಲಿ ಬೆಳೆಯುವುದಕ್ಕಿಂತ ಬೇಗ ಬೆಳೆಯುತ್ತವೆ. ಅದೇ ಉಷ್ಣತೆ, ಅದೇ ಅವಧಿ ಇಟ್ಟರೂ ಜನವರಿಯ ಪುಡಿಯೂ ಜುಲೈನ ಪುಡಿಯೂ ಒಂದೇ ಆಗಿರಬೇಕಿಲ್ಲ. ಆದ್ದರಿಂದ ನೀರನ್ನು ಹೊರಗಟ್ಟುವ ಹಂತವನ್ನೇ ನಾನು ಬೇರೆಯಾಗಿ ಇಟ್ಟಿದ್ದೇನೆ. ಅರೆದ ಮುದ್ದೆಯನ್ನು ಓವನ್ನಿನಲ್ಲಿ 80 ಡಿಗ್ರಿಯಲ್ಲಿ ಒಣಗಿಸಿ, ತೂಕ ಮಾಡಿ, ಅಗಲ ಬಾಯಿಯ ಕ್ರೂಸಿಬಲ್‌ನಲ್ಲಿ (ಶಾಖ ತಾಳುವ ಬಟ್ಟಲು) ತೆಳ್ಳಗೆ ಹರಡಿ, 150 ಡಿಗ್ರಿಯಲ್ಲಿ ಆವಿ ಹೊರಹೋಗಲು ದಾರಿ ಬಿಟ್ಟು ನಿಲ್ಲಿಸುತ್ತೇನೆ. ಆಕ್ಸಲೇಟಿನ ಸ್ಫಟಿಕ ನೀರು ಹೋಗುವುದು ಅಲ್ಲೇ. ನೀರೆಲ್ಲ ಹೋದ ಮೇಲೆಯೇ ನಿಮಿಷಕ್ಕೆ 5 ಡಿಗ್ರಿಯಂತೆ 400ಕ್ಕೆ ಏರಿಸುವುದು.

ನೀರು ಹೋಯಿತೆಂದು ತಿಳಿಯುವುದು ಹೇಗೆ? ದುಬಾರಿ ಉಪಕರಣವೇನೂ ಬೇಡ, ತಕ್ಕಡಿ ಸಾಕು. ಮೇಲೆ ಹೇಳಿದ ಪ್ರಮಾಣಕ್ಕೆ ಲೆಕ್ಕದಂತೆ 3.79 ಗ್ರಾಂ ಆಕ್ಸಲೇಟ್ ಸಿಗಬೇಕು. ನೀರು ಹೋದರೆ 3.07 ಗ್ರಾಂ. ಇಂಗಾಲದ ಮಾನಾಕ್ಸೈಡ್, ಡೈಆಕ್ಸೈಡ್‌ಗಳೂ ಹೋಗಿ ಬರೀ ಜಿಂಕ್ ಆಕ್ಸೈಡ್ ಉಳಿದರೆ 1.63 ಗ್ರಾಂ. ಮಾರ್ಟರಿನಲ್ಲಿ ಸ್ವಲ್ಪ ಉಳಿದೇ ಉಳಿಯುವುದರಿಂದ ನಾನು ನೋಡುವುದು ಶೇಕಡಾವಾರನ್ನು: 100, 81, 43. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಆಗಲೂ ಈ ತೂಕವೇ ದಿಕ್ಕು. 43ಕ್ಕೆ ಇಳಿಯದಿದ್ದರೆ ವಿಭಜನೆ ಮುಗಿದಿಲ್ಲ, ಮತ್ತೆ ಕಾಯಿಸಬೇಕು. ಇಳಿದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಮುಗಿದ ಮೇಲೂ ಒಲೆಯ ಮೇಲೆ ಬಿಟ್ಟ ಅನ್ನದಂತೆ ಇದೂ ಕೆಡುತ್ತದೆ, ಹರಳು ಸುಮ್ಮನೆ ದಪ್ಪವಾಗುತ್ತದೆ. ಹೊರಬರುವ ಮಾನಾಕ್ಸೈಡ್ ಪ್ರಾಣಾಪಾಯಕಾರಿ. ಎಷ್ಟೇ ಮಳೆ ಬರಲಿ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರಬೇಕು, ಕಿಟಕಿ ತೆರೆದಿರಬೇಕು.

ಇನ್ನೂ ಚಿಕ್ಕ ಹರಳು ಬೇಕಾದಾಗ, ಒಣಗಿದ ಆಕ್ಸಲೇಟಿಗೆ ಶುದ್ಧ ಸೋಡಿಯಂ ಕ್ಲೋರೈಡ್ ಸೇರಿಸಿ ಅರೆಯುತ್ತೇನೆ. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. 400ರಲ್ಲಿ ಅದು ಗಟ್ಟಿಯಾಗಿಯೇ ಉಳಿದು ಕಣಕಣಗಳ ನಡುವೆ ಅಡ್ಡ ನಿಲ್ಲುತ್ತದೆ. ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಕದಡು ಕಾಣದಿದ್ದರೆ ಉಪ್ಪು ಹೋಯಿತು.

ಗಾತ್ರ ಅಳೆಯಲು ಮಾದರಿಯನ್ನು ಎಕ್ಸ್‌ಆರ್‌ಡಿಗೆ, ಅಂದರೆ ಹರಳುಗಳಿಂದ ಎಕ್ಸ್-ಕಿರಣ ಯಾವ ಕೋನಕ್ಕೆ ಚದುರುತ್ತದೆ ಎಂದು ನೋಡುವ ಪರೀಕ್ಷೆಗೆ, ಹೊರಗೆ ಕಳುಹಿಸುತ್ತೇವೆ. ತಾಮ್ರದಿಂದ ಹೊರಡಿಸಿದ ಎಕ್ಸ್-ಕಿರಣದಲ್ಲಿ 36.3 ಡಿಗ್ರಿ ಕೋನದ ಹತ್ತಿರ ಬರುವ ಶಿಖರವೇ ಜಿಂಕ್ ಆಕ್ಸೈಡಿನಲ್ಲಿ ಎತ್ತರದ್ದು. ಉಪಕರಣದಿಂದಲೇ ಬರುವ ಅಗಲದ ಪಾಲನ್ನು ಕಳೆದ ಮೇಲೆ ಅದರ ಅರ್ಧ ಎತ್ತರದ ಅಗಲ 0.4 ಡಿಗ್ರಿ ಇದ್ದರೆ, ಶೆರರ್ 1918ರಲ್ಲಿ ಕೊಟ್ಟ ಸೂತ್ರದಂತೆ ಹರಳು ಸುಮಾರು 21 ನ್ಯಾನೊಮೀಟರ್. ಅಗಲ ಅರ್ಧವಾದರೆ ಗಾತ್ರ ದುಪ್ಪಟ್ಟು. ಇದು ಹರಳಿನ ಗಾತ್ರ, ಕಣದ್ದಲ್ಲ. ಹಲವು ಹರಳು ಸೇರಿ ಒಂದು ಕಣವಾಗಿರಬಹುದು. ವರದಿ ಬರೆಯುವಾಗ ಈ ವ್ಯತ್ಯಾಸವನ್ನು ಮರೆಸುವುದು ನನಗೆ ಸಹಿಸದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಬೆಳೆಸಿದ ದಹನ ವಿಧಾನವನ್ನೂ (ಇಂಧನ ಬೆರೆಸಿ ಉರಿಸಿ ಆಕ್ಸೈಡ್ ಪಡೆಯುವುದು) ನಾವು ಮಾಡಿಸುತ್ತೇವೆ. ನಿಮಿಷಗಳಲ್ಲಿ ಮುಗಿಯುವ ಅದ್ಭುತ ವಿಧಾನ ಅದು. ಆದರೆ ಉರಿ ಹತ್ತಿದ ಮೇಲೆ ನಡುವೆ ತಡೆದು ನಿಲ್ಲಿಸಲು ಬರುವುದಿಲ್ಲ. ನನಗೆ ಹಂತಹಂತವಾಗಿ ನಿಲ್ಲಿಸಿ ನೋಡುವ ಆಕ್ಸಲೇಟಿನ ದಾರಿಯೇ ಹೆಚ್ಚು ಹಿಡಿಸುತ್ತದೆ.

ಈಗ ಕೋಬಾಲ್ಟ್ ಫೆರೈಟಿಗೂ (ಕಬ್ಬಿಣ ಮತ್ತು ಕೋಬಾಲ್ಟ್ ಕೂಡಿದ ಆಕ್ಸೈಡ್) ಇದೇ ದಾರಿ ಹಿಡಿದಿದ್ದೇವೆ. ಕಬ್ಬಿಣ ಮತ್ತು ಕೋಬಾಲ್ಟಿನ ಆಕ್ಸಲೇಟ್‌ಗಳು ಒಂದೇ ಹರಳಿನಲ್ಲಿ ಬೆರೆಯಬಲ್ಲವು, ಅದು ನಮಗೆ ಅನುಕೂಲ. ತೊಡಕು ಇರುವುದು ಗಾಳಿಯಲ್ಲಿ ಕಬ್ಬಿಣದ ಆಕ್ಸಲೇಟ್ ಒಡೆಯುವಾಗ ಹೊಮ್ಮುವ ಶಾಖದಲ್ಲಿ. ಫರ್ನೇಸಿನ ಪರದೆ ತೋರಿಸುವ ಅಂಕಿಗಿಂತ ಪುಡಿಯ ಒಡಲು ಎಷ್ಟೋ ಬಿಸಿಯಾಗಿರುತ್ತದೆ. ಹಾಗಾಗಿ ಅದನ್ನು ಇನ್ನೂ ತೆಳುವಾಗಿ ಹರಡಿ, ಏರಿಕೆಯನ್ನು ನಿಮಿಷಕ್ಕೆ 1 ಡಿಗ್ರಿಗೆ ಇಳಿಸಿ, ಉಷ್ಣತೆ ಅಳೆಯುವ ತಂತಿಯಾದ ಥರ್ಮೋಕಪಲ್‌ನ ತುದಿಯನ್ನು ಪುಡಿಗೇ ತಾಗಿಸಿ ಅಳೆಯುತ್ತಿದ್ದೇವೆ.