ಥೊರೊಂಗ್ ಲಾ: ಹತ್ತಿಸಿದ್ದು ಮನಾಂಗ್, ಇಳಿಸಿದ್ದು ಕುಮಾರ ಪರ್ವತ

"ಕುಮಾರ ಪರ್ವತ ಹತ್ತಿದ್ದೇನೆ, ಥೊರೊಂಗ್ ಲಾ ಆಗುತ್ತಾ?" ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣ ಮುಗಿಸಿ ಬಂದ ಮೇಲೆ ಗೆಳೆಯರು ನನ್ನನ್ನು ಹೆಚ್ಚು ಕೇಳಿದ್ದು ಇದನ್ನೇ. ಆಗುತ್ತೆ. ಆದರೆ ಕುಮಾರ ಪರ್ವತ ನೆರವಿಗೆ ಬರುವುದು ಹತ್ತುವಾಗ ಅಲ್ಲ, ಇಳಿಯುವಾಗ.

ಥೊರೊಂಗ್ ಲಾ ಆ ದಾರಿಯ ಪಾಸ್, ಅಂದರೆ ಬೆಟ್ಟಸಾಲು ದಾಟುವ ಜಾಗ. ಅದಿರುವುದು 5,416 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ಥೊರೊಂಗ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಕಾಲಲ್ಲಿ ಎಷ್ಟು ಕಸುವಿದ್ದರೂ ಆ ತೆಳು ಗಾಳಿಗೆ ಮೈ ಒಗ್ಗಬೇಕಾದರೆ ದಿನಗಳೇ ಬೇಕು. ದಿನಾ ಓಡುವ ಹುಡುಗರು ತಲೆ ಹಿಡಿದು ಕೂತಿದ್ದನ್ನೂ, ಹೊಟ್ಟೆ ಬಂದ ಮಧ್ಯವಯಸ್ಕರು ಆರಾಮಾಗಿ ದಾಟಿದ್ದನ್ನೂ ಅಲ್ಲೇ ನೋಡಿದೆ.

ಹಾಗಾಗಿ ಎತ್ತರಕ್ಕೆ ಒಗ್ಗುವ ನನ್ನ ತಯಾರಿ ಶುರುವಾಗಿದ್ದು ದಾರಿಯ ಪಿಸಾಂಗ್ ಹಳ್ಳಿಯಿಂದ. ಅಲ್ಲಿಂದ ಮನಾಂಗ್‌ಗೆ ಎರಡು ದಾರಿ. ಕೆಳಗಿನದು ಜೀಪ್ ಓಡಾಡುವ ಸಲೀಸು ರಸ್ತೆ. ನಾನು ಹಿಡಿದದ್ದು ಘ್ಯಾರು, ನಾವಲ್ ಹಳ್ಳಿಗಳ ಮೇಲಿನ ದಾರಿ. ಘ್ಯಾರುವಿನ ಏರು ಬೆವರಿಳಿಸುತ್ತದೆ, ಆದರೆ ಹಗಲಲ್ಲಿ 3,700 ಮೀಟರ್ ಮುಟ್ಟಿ, ಕೆಳಗಿಳಿದು ಮಲಗಲು ಸಿಗುತ್ತದೆ. ಎದುರಿಗೆ ಅನ್ನಪೂರ್ಣ-2 ಇಡೀ ದಿನ ಕೂತಿರುತ್ತದೆ, ಅದು ಬೇರೆ.

3,540 ಮೀಟರಿನ ಮನಾಂಗ್‌ನಲ್ಲಿ ವಿಶ್ರಾಂತಿ ಅಂದರೆ ರಗ್ಗು ಹೊದ್ದು ಮಲಗುವುದಲ್ಲ. ಬೆಳಗ್ಗೆ ಐಸ್ ಲೇಕ್ ಕಡೆ ಆದಷ್ಟು ಹತ್ತಿ, ಮಧ್ಯಾಹ್ನ ವಾಪಸ್ ಬಂದೆ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಸೀಸನ್ನಿನಲ್ಲಿ ಇಲ್ಲಿ ಚಿಕಿತ್ಸಾಲಯ ನಡೆಸುತ್ತದೆ. ಎತ್ತರದ ಕಾಯಿಲೆಯ ಬಗ್ಗೆ ವೈದ್ಯರು ಕೊಡುವ ಉಪನ್ಯಾಸ ತಪ್ಪಿಸಬೇಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವಿದ್ದರೆ ಮೇಲೆ ಹೋಗಬಾರದು, ನೋವು ಜಾಸ್ತಿಯಾದರೆ ನಡುರಾತ್ರಿಯಾದರೂ ಇಳಿಯಬೇಕು. ಎತ್ತರಕ್ಕೆ ಒಗ್ಗಲು ನೆರವಾಗುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂದು ಊರಲ್ಲೇ ವೈದ್ಯರನ್ನು ಕೇಳಿಕೊಂಡು ಹೋಗಿದ್ದೆ. ಸಲ್ಫಾ ಅಲರ್ಜಿ ಇರುವವರಂತೂ ಕೇಳಲೇಬೇಕು. ಆ ಮಾತ್ರೆ ನುಂಗಿದರೆ ಬೆರಳ ತುದಿ ಜುಮ್ಮೆನ್ನುತ್ತದೆ, ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳಬೇಕಾಗುತ್ತದೆ. ಆ ಚಳಿಯಲ್ಲಿ ಅದೇ ದೊಡ್ಡ ಶಿಕ್ಷೆ.

ಮುಂದೆ ಯಾಕ್ ಖರ್ಕಾ, ಆಮೇಲೆ ಪಾಸ್‌ನ ಬುಡದ ಥೊರೊಂಗ್ ಫೇದಿ. ಫೇದಿಗೆ ಮುಂಚೆ ಕಲ್ಲು ಉರುಳುವ ಜಾರು ಇಳಿಜಾರಿದೆ. ಮಧ್ಯಾಹ್ನದ ಗಾಳಿ ಏಳುವ ಮುಂಚೆ ದಾಟಿದರೆ ಒಳ್ಳೆಯದು. ಫೇದಿಯ ಮೇಲೆ, 4,900 ಮೀಟರ್ ಹತ್ತಿರ, ಹೈ ಕ್ಯಾಂಪ್. ಮರುದಿನದ ಏರು ಕಮ್ಮಿಯಾಗಲಿ ಅಂತ ಬಹಳ ಜನ ಅಲ್ಲಿ ಮಲಗುತ್ತಾರೆ. ನನಗದು ಲಾಭದ ವ್ಯಾಪಾರ ಅನಿಸಲಿಲ್ಲ. ನಿದ್ದೆ ಬಾರದ ಎತ್ತರದಲ್ಲಿ ರಾತ್ರಿ ಕಳೆದು ಉಳಿಸುವುದು ಹೆಚ್ಚೆಂದರೆ ಒಂದೆರಡು ಗಂಟೆ. ಫೇದಿಯಲ್ಲೇ ಬೆಳ್ಳುಳ್ಳಿ ಸೂಪು, ದಾಲ್ ಭಾತ್ ಉಂಡು ಮಲಗಿದೆ. ಅಡುಗೆಮನೆಯವರನ್ನು, ಗೈಡ್ ದಾಯಿಯನ್ನು (ನೇಪಾಳಿಯಲ್ಲಿ ಅಣ್ಣ) ಹವಾಮಾನದ ಬಗ್ಗೆ ಮತ್ತೆ ಮತ್ತೆ ಕೇಳಿದೆ. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತದ ಬಾಲ ಇಲ್ಲಿ ಹಿಮಬಿರುಗಾಳಿಯಾಗಿ ಬಂದು, ಈ ಸೀಮೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಸ್ಥಳದವರು "ಇವತ್ತು ಬೇಡ" ಅಂದರೆ ಬೇಡ, ವಿಮಾನದ ಟಿಕೆಟ್ ಹೋದರೆ ಹೋಗಲಿ.

ಹೊರಟದ್ದು ಬೆಳಗಿನ ಜಾವ, ಹೆಡ್‌ಟಾರ್ಚ್ ಬೆಳಕಲ್ಲಿ. ಬ್ಯಾಗಿನ ನೀರಿನ ಚೀಲದ ಪೈಪು ಹೆಪ್ಪುಗಟ್ಟುತ್ತದೆಂದು ಬಾಟಲಿಯನ್ನೇ ಒಯ್ದಿದ್ದೆ, ಅದನ್ನೂ ಕಾಲುಚೀಲದೊಳಗೆ ತಲೆಕೆಳಗಾಗಿ. ನೀರು ಗಟ್ಟಿಯಾಗುವುದು ಮೇಲಿನಿಂದ, ಹೀಗಿಟ್ಟರೆ ಮುಚ್ಚಳದ ಕಡೆ ಕಟ್ಟಿಕೊಳ್ಳುವುದಿಲ್ಲ. ಫೋನು ಒಳಜೇಬಿನಲ್ಲಿ. ನಡಿಗೆ ತೇರು ಎಳೆದ ಹಾಗೆ ಜಗ್ಗಿ ನಿಲ್ಲುವುದಾಗಬಾರದು. ಒಂದು ಉಸಿರಿಗೆ ಒಂದು ಹೆಜ್ಜೆ, ಎಷ್ಟೇ ಚಿಕ್ಕದಾದರೂ ಸರಿ. ಮಾತಾಡಲು ಆಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಇದೇ ಕೊನೆಯ ದಿಬ್ಬ ಅನ್ನಿಸುವ ದಿಬ್ಬಗಳು ಸಾಲಾಗಿ ಬರುತ್ತವೆ, ಯಾವುದನ್ನೂ ನಂಬಬೇಡಿ. ಮೇಲೆ ಬಾವುಟಗಳ ರಾಶಿ, ಒಂದು ಬೋರ್ಡು, ಸೀಸನ್ನಿನಲ್ಲಿ ಚಹಾದ ಗುಡಿಸಲು. ಫೋಟೋ ತೆಗೆಸಿಕೊಂಡು ಇಳಿಯತೊಡಗಿದೆ. ಹೊತ್ತು ಏರಿದಂತೆ ಗಾಳಿ ನಿಲ್ಲಗೊಡುವುದಿಲ್ಲ.

ಅಲ್ಲಿಂದ ಮುಕ್ತಿನಾಥಕ್ಕೆ ಸುಮಾರು 1,600 ಮೀಟರ್ ಇಳಿತ, ಅದೂ ಒಂದೇ ದಿನ. ಕುಮಾರ ಪರ್ವತದ ತುದಿಯಿಂದ ಕುಕ್ಕೆಗೆ ಇಳಿದರೂ ಹತ್ತಿರಹತ್ತಿರ ಅಷ್ಟೇ! ಹೋಗುವ ಮುಂಚಿನ ತಿಂಗಳುಗಳಲ್ಲಿ ನಾನು ಗಿರಿಗದ್ದೆಯ ದಾರಿಯನ್ನು ಭಾರದ ಬ್ಯಾಗ್ ಹೊತ್ತು ಇಳಿದಿದ್ದು ಇದಕ್ಕೇ. ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಕಿರಿದು ಮಾಡಿ, ಕೋಲನ್ನು ಮುಂದೆ ಊರಿ ಇಳಿಯುವ ಅಭ್ಯಾಸ. ಸಡಿಲ ಜಲ್ಲಿ, ನೆರಳಲ್ಲಿ ಕರಗದ ಹಿಮ. ಜಾರದಂತೆ ಬೂಟಿಗೆ ಸಿಕ್ಕಿಸುವ ಉಕ್ಕಿನ ಮುಳ್ಳುಗಳು, ಮೈಕ್ರೋಸ್ಪೈಕ್ಸ್, ಬೇಕಾದದ್ದೂ ಇಳಿಯುವಾಗಲೇ. ಹತ್ತುವಾಗ ನನ್ನನ್ನು ದಾಟಿ ಹೋದ ಎಷ್ಟೋ ಜನ ಚಾರಬುವಿನ ಚಹಾದಂಗಡಿಯಲ್ಲಿ ಮಂಡಿಗೆ ಮುಲಾಮು ತಿಕ್ಕುತ್ತಿದ್ದರು.

ಮುಕ್ತಿನಾಥದಲ್ಲಿ 108 ಧಾರೆಗಳ ಕೆಳಗೆ ಮೈಸೂರು ಕಡೆಯ ಯಾತ್ರಿಕರು ನಡುಗುತ್ತಾ ಓಡುತ್ತಿದ್ದರು. ವೈಷ್ಣವರ ದಿವ್ಯದೇಶಗಳಲ್ಲಿ ಇದೂ ಒಂದು. ಮನೆಮನೆಯ ಸಾಲಿಗ್ರಾಮಗಳ ತವರು ಕೆಳಗೆ ಹರಿಯುವ ಕಾಳಿ ಗಂಡಕಿ. ನನ್ನ ಬ್ಯಾಗು ನೋಡಿ ಒಬ್ಬ ಅಜ್ಜಿ, "ಆ ಬೆಟ್ಟದ ಮೇಲೆ ಯಾವ ದೇವರಪ್ಪಾ?" ಅಂದರು. ಯಾವುದೂ ಇಲ್ಲ ಅಜ್ಜಿ ಅಂದೆ. ನನ್ನ ಬಗ್ಗೆ ಅವರ ಅಭಿಪ್ರಾಯ ಮುಖದಲ್ಲೇ ಕಂಡಿತು.

ಜೋಮ್ಸೋಮ್‌ಗೆ ಹೊರಡುವವರು ಬೆಳಗ್ಗೆಯೇ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಕಾಳಿ ಗಂಡಕಿಯ ಗಾಳಿ ಮರಳೆತ್ತಿ ಮುಖಕ್ಕೆ ಎರಚುತ್ತದೆ, ಅಲ್ಲಿಂದ ಪೋಖರಾಕ್ಕೆ ಹಾರುವ ವಿಮಾನಗಳೂ ಆ ಗಾಳಿಗೆ ಹೆದರಿ ಬೆಳಗ್ಗೆಯೇ ಹಾರುತ್ತವೆ.