ಜನವರಿಗೇ ಯುಗಾದಿ ಮಾಡಿದ ಕಥೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್. ದೀಪಾವಳಿ ಮುಗಿದರೆ ಅಂಗಡಿಯವರ ಕ್ಯಾಲೆಂಡರ್ ಕೆಲಸ ಶುರು. 2025ರ ಕ್ಯಾಲೆಂಡರಿನಲ್ಲಿ ಹನ್ನೆರಡೂ ಹಾಳೆಗಳ ತಲೆಗೆ ‘ವಿಶ್ವಾವಸು ಸಂವತ್ಸರ, ಶಕ 1947’ ಎಂದು ಒಂದೇ ಸಾಲು ಹಾಕಿಬಿಟ್ಟಿದ್ದೆ. ಮಂಡಿಪೇಟೆಯ ಗಿರಾಕಿಯೊಬ್ಬರು ಬಂಡಲ್ ಬಿಚ್ಚಿ ನೋಡಿ ನಕ್ಕರು. “ಏನ್ರೀ, ಜನವರಿಗೇ ಯುಗಾದಿ ಮಾಡಿಬಿಟ್ರಲ್ಲ!”

ಯುಗಾದಿ ಇದ್ದದ್ದು ಮಾರ್ಚ್ 30ಕ್ಕೆ. ಅಲ್ಲಿಯವರೆಗೆ ಕ್ರೋಧಿ, 1946. ಮೂರು ತಿಂಗಳ ಹಾಳೆ ನನ್ನ ಖರ್ಚಲ್ಲೇ ಮತ್ತೆ ಅಚ್ಚಾಯಿತು.

2026ಕ್ಕೆ ಹುಷಾರಾದೆ. ಹಳೇ ಪ್ರೂಫ್ ಹಾಳೆಯ ಹಿಂಬದಿಗೆ ಉದ್ದಕ್ಕೆ ಹನ್ನೆರಡು ಮನೆ ಬರೆದು, ಯಾವ ವರ್ಷ ಎಲ್ಲಿ ಬದಲಾಗುತ್ತದೋ ಅಲ್ಲಿ ಕೆಂಪು ಗೀಟು ಎಳೆದೆ. ಮಾರ್ಚ್ 19 ಯುಗಾದಿ: ಪರಾಭವ, ಶಕ 1948. ಸರ್ಕಾರದ ರಾಷ್ಟ್ರೀಯ ಶಕವೂ 1948, ಆದರೆ ಅದರ ಗೀಟು ಮಾರ್ಚ್ 22ಕ್ಕೆ.

ತಲೆ ತಿಂದಿದ್ದು ವಿಕ್ರಮ ಸಂವತ್. ನಮ್ಮ ಪಂಚಾಂಗದ ಪ್ರಕಾರ ಯುಗಾದಿಗೆ 2083 ಆಗುತ್ತದೆ. ಗುಜರಾತಿ ಗಿರಾಕಿಯೊಬ್ಬರು, “ನಮಗೆ ದೀಪಾವಳಿವರೆಗೂ 2082 ಸ್ವಾಮಿ” ಅಂದರು. ಅವರ ಹೊಸ ವರ್ಷ ಕಾರ್ತಿಕದಲ್ಲಿ. ಒಂದೇ ಹೆಸರಿನ ಲೆಕ್ಕ, ಏಳು ತಿಂಗಳಿಗೂ ಜಾಸ್ತಿ ಒಂದು ವರ್ಷದ ವ್ಯತ್ಯಾಸ! ಅವರ ಕ್ಯಾಲೆಂಡರಿಗೆ ಬೇರೆ ಸಾಲನ್ನೇ ಹಾಕಿದೆ.

ಹಿಜರಿಗೆ ಗೀಟೇ ನಿಲ್ಲುವುದಿಲ್ಲ. ಚಂದ್ರನ ವರ್ಷ ಸುಮಾರು 354 ದಿನ, ಅಧಿಕ ಮಾಸ ಇಲ್ಲ. ಹಾಗಾಗಿ ವರ್ಷವರ್ಷವೂ ಹತ್ತು-ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2008ರಲ್ಲಿ ಜನವರಿಗೊಂದು, ಡಿಸೆಂಬರ್ ಕೊನೆಗೊಂದು ಹಿಜರಿ ಹೊಸ ವರ್ಷ ಬಂದು, ಒಂದೇ ಕ್ಯಾಲೆಂಡರಿನಲ್ಲಿ 1428, 1429, 1430 ಮೂರೂ ಇದ್ದವು. ಈ ಸಲ ಜೂನ್ ನಡುವೆ 1447 ಮುಗಿದು 1448. ದಿನ ಖಚಿತ ಮಾಡದೆ ‘ಚಂದ್ರದರ್ಶನದಂತೆ’ ಎಂದು ಸಣ್ಣಕ್ಷರದಲ್ಲಿ ಸೇರಿಸಿದೆ.

ಎಲ್ಲ ಸರಿಯಾಯಿತು ಅನ್ನುವಾಗ ಸೀರೆ ಅಂಗಡಿಯ ಅಣ್ಣ ಪ್ರೂಫ್ ವಾಪಸ್ ತಂದರು. “ನಮ್ಮ ಅಂಗಡಿ ಹೆಸರಿನ ಮೇಲೆ ಇಷ್ಟು ದಪ್ಪಕ್ಕೆ ಪರಾಭವ ಅಂತ ಬೇಡ್ರೀ. ಬೇರೆ ಹೆಸರು ಇಲ್ವಾ?”

ಅರವತ್ತು ಹೆಸರುಗಳ ಸರದಿ ಅದು, ನಾವು ಆರಿಸುವ ಹಾಗಿಲ್ಲ ಅಂದೆ. “1966ರಲ್ಲೂ ಇದೇ ಬಂದಿತ್ತು. ನಿಮ್ಮಪ್ಪ ಅಂಗಡಿ ಇಟ್ಟಿದ್ದು ಆಗಲೇ ಅಲ್ವಾ?”

ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, “ಆದ್ರೂ ಸಣ್ಣದು ಮಾಡ್ರಿ” ಅಂದರು. ಎಂಟು ಪಾಯಿಂಟಿಗೆ ಇಳಿಸಿದೆ.